ಬಾಲ್ಕನಿ ಮತ್ತು ಇಳಿಜಾರು

ಡಿಸೆಂಬರ್ ಹತ್ತಿರವಾದಂತೆ ಬೆಂಗಳೂರಿನ ಕಚೇರಿಗಳಲ್ಲಿ ಊಟದ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ಈ ಸಲ ಗುಲ್ಮಾರ್ಗೋ, ಔಲಿಯೋ, ಇಲ್ಲ ಮನಾಲಿ ಪಕ್ಕದ ಸೋಲಾಂಗೋ? ಇನ್ನಷ್ಟು ಖರ್ಚು ಮಾಡಬಲ್ಲವರು ಸ್ವಿಟ್ಜರ್ಲೆಂಡಿನ ಹೆಸರೆತ್ತುತ್ತಾರೆ. ಮುಂದಿನ ಮಾತು ಎಲ್ಲರದೂ ಹೆಚ್ಚುಕಡಿಮೆ ಒಂದೇ. ಊರು ಎಷ್ಟು ಎತ್ತರದಲ್ಲಿದೆ? ಹಿಮ ಖಚಿತವೇ? ಹಗಲಲ್ಲಿ ಬಿಸಿಲಿರುತ್ತದೆಯೇ? ಗಾಳಿ ಜೋರೇ? ಕೋಣೆಗೆ ಬೆಟ್ಟ ಕಾಣುವ ಬಾಲ್ಕನಿ ಇದೆಯೇ? ರೈಲು ಎಲ್ಲಿಯವರೆಗೆ ಹೋಗುತ್ತದೆ? ಈ ಪಟ್ಟಿ ನಮಗೆ ಎಷ್ಟು ಸಹಜವಾಗಿದೆಯೆಂದರೆ ಇದಕ್ಕೂ ಒಂದು ಚರಿತ್ರೆ ಇರಬಹುದೆಂದು ಅನಿಸುವುದೇ ಇಲ್ಲ. ಆದರೆ ಇದನ್ನು ಮೊದಲು ಬರೆದವರು ಪ್ರವಾಸಿಗಳಲ್ಲ, ವೈದ್ಯರು. ಯಾರಿಗಾಗಿ ಬರೆದರೋ ಅವರು ಕ್ಷಯರೋಗಿಗಳು.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಆಲ್ಪ್ಸ್ ಬೆಟ್ಟಗಳು ಬೇಸಿಗೆಯ ತಾಣಗಳು. ಜೂನ್‌ನಲ್ಲಿ ಬರುವ ಇಂಗ್ಲಿಷ್ ಅತಿಥಿಗಳು ಸೆಪ್ಟೆಂಬರ್ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಆಮೇಲೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು, ಹಳ್ಳಿಯವರು ದನಕರುಗಳೊಂದಿಗೆ ಒಳಗೆ ಸೇರಿಕೊಳ್ಳುತ್ತಿದ್ದರು. ಚಳಿಗಾಲದ ಬೆಟ್ಟವೆಂದರೆ ಹಿಮಪಾತ, ಮುಚ್ಚಿದ ದಾರಿ, ಮುಗಿಯುತ್ತ ಬಂದ ಹುಲ್ಲಿನ ಮೆದೆ. ಸೇಂಟ್ ಮೊರಿಟ್ಜ್ ಊರಿನವರು ಒಂದು ಕತೆ ಹೇಳುತ್ತಾರೆ. 1864ರಲ್ಲಿ ಅಲ್ಲಿನ ಹೋಟೆಲ್ ಮಾಲೀಕ ಯೋಹಾನ್ನೆಸ್ ಬದ್ರುತ್, ಬೇಸಿಗೆ ಮುಗಿಸಿ ಹೊರಟಿದ್ದ ಇಂಗ್ಲಿಷ್ ಅತಿಥಿಗಳೊಂದಿಗೆ ಪಂತ ಕಟ್ಟಿದನಂತೆ: ಚಳಿಗಾಲದಲ್ಲಿ ಬಂದು ನೋಡಿ, ಇಷ್ಟವಾಗದಿದ್ದರೆ ಪ್ರಯಾಣದ ಖರ್ಚು ನನ್ನದು. ಅವರು ಬಂದರು, ಬಿಸಿಲಿಗೆ ಮುಖ ಕಂದಿಸಿಕೊಂಡು ವಸಂತದವರೆಗೂ ಉಳಿದರು. ಪಂತ ಹೀಗೆಯೇ ನಡೆಯಿತೋ ಇಲ್ಲವೋ, ಚಳಿಗಾಲದ ರಜೆ ಹುಟ್ಟಿದ್ದೇ ಹೀಗೆ ಎಂದು ಪ್ರವಾಸೋದ್ಯಮಕ್ಕೆ ಹೇಳಿಕೊಳ್ಳಲು ಇದು ಚೆಂದದ ಕತೆ. ಅದೇ ಗ್ರಾವ್‌ಬುಂಡೆನ್ ಸೀಮೆಯ ಇನ್ನೊಂದು ಊರಾದ ದಾವೋಸ್‌ನ ಕತೆ ಇಷ್ಟು ಹಗುರವಾಗಿಲ್ಲ.

ಇಂದು ದಾವೋಸ್ ಎಂದರೆ ನಮಗೆ ನೆನಪಾಗುವುದು ಜನವರಿಯಲ್ಲಿ ಮಂತ್ರಿಗಳೂ ಉದ್ಯಮಿಗಳೂ ಸೇರುವ ಆರ್ಥಿಕ ವೇದಿಕೆ. 1853ರಲ್ಲಿ ಅದು ಸಮುದ್ರಮಟ್ಟದಿಂದ ಸುಮಾರು 1560 ಮೀಟರ್ ಎತ್ತರದ ಬಡ ಕಣಿವೆ. ಆ ವರ್ಷ ಅಲ್ಲಿಗೆ ವೈದ್ಯನಾಗಿ ಬಂದವನು ಅಲೆಕ್ಸಾಂಡರ್ ಸ್ಪೆಂಗ್ಲರ್. ಈತ ಜರ್ಮನಿಯ ಬಾಡೆನ್ ಕ್ರಾಂತಿಯಲ್ಲಿ ಪಾಲ್ಗೊಂಡು, ಅದು ಸೋತಮೇಲೆ ಸ್ವಿಟ್ಜರ್ಲೆಂಡಿಗೆ ಓಡಿಬಂದು ವೈದ್ಯಕೀಯ ಓದಿದವನು. ಊರಿನವರಲ್ಲಿ ಕ್ಷಯ ಹೆಚ್ಚಾಗಿ ಕಾಣುತ್ತಿಲ್ಲ ಎಂಬುದನ್ನು ಅವನು ಗಮನಿಸಿದ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಆ ಸೀಮೆಯ ಯುವಕರು ಹೊಟ್ಟೆಪಾಡಿಗಾಗಿ ಯುರೋಪಿನ ದೊಡ್ಡ ನಗರಗಳಿಗೆ ಹೋಗಿ ಬೇಕರಿ, ಮಿಠಾಯಿ ಅಂಗಡಿಗಳಲ್ಲಿ ದುಡಿಯುತ್ತಿದ್ದರು. ಅಲ್ಲಿ ಎದೆರೋಗ ಹತ್ತಿಸಿಕೊಂಡು ಊರಿಗೆ ಮರಳಿದವರು ಚೇತರಿಸಿಕೊಳ್ಳುತ್ತಿದ್ದರು. ಎತ್ತರದ ಒಣಗಾಳಿಯಲ್ಲಿಯೇ ಗುಣವಿದೆ ಎಂದು ಸ್ಪೆಂಗ್ಲರ್ ತೀರ್ಮಾನಿಸಿದ. ಹಾಗಾಗಿ, ಮುಂದೆ ಶ್ರೀಮಂತ ರೋಗಿಗಳನ್ನು ಬೆಟ್ಟಕ್ಕೆ ಕರೆಸಿದ ನಂಬಿಕೆಗೆ ಮೊದಲ ಸಾಕ್ಷಿಗಳು ಬೆಟ್ಟ ಬಿಟ್ಟು ಹೋಗಿ ಬಂದ ಬಡ ಕೂಲಿಗಳೇ.

1865ರ ಫೆಬ್ರವರಿಯಲ್ಲಿ, ನಡುಚಳಿಗಾಲದಲ್ಲಿ, ಹ್ಯೂಗೊ ರಿಕ್ಟರ್ ಮತ್ತು ಫ್ರೀಡ್ರಿಕ್ ಉಂಗರ್ ಎಂಬ ಇಬ್ಬರು ಜರ್ಮನ್ ರೋಗಿಗಳು ದಾವೋಸ್‌ಗೆ ಬಂದರು. ಇಬ್ಬರೂ ಸುಧಾರಿಸಿದರು. ಸುದ್ದಿ ಹಬ್ಬಿತು. 1867ರಲ್ಲಿ ವಿಲ್ಲೆಮ್ ಯಾನ್ ಹೋಲ್ಸ್‌ಬೋರ್ ಎಂಬ ಡಚ್ಚನು ಕಾಯಿಲೆಯ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆ ಉಳಿಯಲಿಲ್ಲ, ಆದರೆ ಅವನು ಊರು ಬಿಡಲಿಲ್ಲ. ಸ್ಪೆಂಗ್ಲರ್ ಜೊತೆ ಸೇರಿ 1868ರಲ್ಲಿ ಚಿಕಿತ್ಸಾಲಯವೊಂದನ್ನು ತೆರೆದ. ಕಣಿವೆಗೆ ರೈಲು ತರಬೇಕೆಂದು ಓಡಾಡಿದವನೂ ಅವನೇ. 1890ರಲ್ಲಿ ಲ್ಯಾಂಡ್‌ಕ್ವಾರ್ಟ್‌ನಿಂದ ದಾವೋಸ್‌ವರೆಗೆ ರೈಲು ಬಂತು. ಇಂದು ಸ್ಕೀ ಹಲಗೆ ಹೊತ್ತ ಪ್ರವಾಸಿಗಳು ಇಳಿಯುವ ಆ ಹಳಿ ಮೊದಲು ಬೇಕಾದದ್ದು, ಕುದುರೆಗಾಡಿಯ ಕುಲುಕಾಟ ತಾಳಲಾರದ ರೋಗಿಗಳಿಗಾಗಿ.

ಚಿಕಿತ್ಸೆ ಎಂದರೆ ಏನು? ಔಷಧ ಇರಲಿಲ್ಲ. ಎತ್ತರ, ಒಣಹವೆ, ಬಿಸಿಲು, ಹೊಟ್ಟೆತುಂಬ ಊಟ, ವಿಶ್ರಾಂತಿ. ರೋಗಿಗಳು ದಕ್ಷಿಣಕ್ಕೆ ಮುಖಮಾಡಿದ ಬಾಲ್ಕನಿಗಳಲ್ಲಿ ಕಂಬಳಿ ಸುತ್ತಿಕೊಂಡು, ಕೊರೆಯುವ ಚಳಿಯಲ್ಲಿಯೂ ಗಂಟೆಗಟ್ಟಲೆ ಮಲಗಬೇಕಿತ್ತು. ಊರು ಗಾಳಿಗೆ ಮರೆಯಾಗಿರಬೇಕು, ಬಿಸಿಲಿನ ಗಂಟೆಗಳು ಹೆಚ್ಚಿರಬೇಕು, ಮಂಜು ಕವಿಯಬಾರದು, ನೆಲದ ಹಿಮ ಕರಗಿ ತೇವವಾಗಬಾರದು. ವೈದ್ಯರು ಊರು ಆರಿಸುತ್ತಿದ್ದದ್ದು ಹೀಗೆ. ರೆಸಾರ್ಟ್ ಆರಿಸುವಾಗ ನಾವು ಕೇಳುವ ಪ್ರಶ್ನೆಗಳೂ ಇವೇ. ಅಂದು ಎತ್ತರ ಬೇಕಿದ್ದದ್ದು ಶ್ವಾಸಕೋಶಕ್ಕೆ, ಇಂದು ಬೇಕಿರುವುದು ಹಿಮಕ್ಕೆ. ಅಂದು ಬಾಲ್ಕನಿ ಮಲಗಲು, ಇಂದು ಚಿತ್ರ ತೆಗೆಯಲು.

ಆದರೆ ತಿಂಗಳುಗಟ್ಟಲೆ ಬೆಟ್ಟದಲ್ಲಿ ಉಳಿದವರೆಲ್ಲ ಮಲಗಿಯೇ ಇರುತ್ತಿರಲಿಲ್ಲ. ಸ್ವಲ್ಪ ಸುಧಾರಿಸಿದವರಿಗೆ, ಅದಕ್ಕಿಂತ ಹೆಚ್ಚಾಗಿ ರೋಗಿಗಳ ಜೊತೆಗೆ ಬಂದ ಆರೋಗ್ಯವಂತರಿಗೆ, ಕಾಲ ಕಳೆಯುವುದೇ ಕಷ್ಟ. ಇಂಗ್ಲಿಷ್ ಲೇಖಕ ಜಾನ್ ಆಡಿಂಗ್ಟನ್ ಸಿಮಂಡ್ಸ್ 1877ರಲ್ಲಿ ರೋಗಿಯಾಗಿ ಬಂದು ದಾವೋಸ್‌ನಲ್ಲೇ ಮನೆ ಮಾಡಿದ. ಅಲ್ಲಿನ ಚಳಿಗಾಲದ ಬಗ್ಗೆ ಅವನು ಬರೆದದ್ದನ್ನು ಓದಿ ಇನ್ನಷ್ಟು ಇಂಗ್ಲಿಷರು ಬಂದರು. ರಾಬರ್ಟ್ ಲೂಯಿ ಸ್ಟೀವನ್ಸನ್ 1880ರಿಂದ ಎರಡು ಚಳಿಗಾಲ ಅಲ್ಲಿದ್ದು, ತನ್ನ 'ಟ್ರೆಷರ್ ಐಲೆಂಡ್' ಕಾದಂಬರಿಯನ್ನು ಮುಗಿಸಿದ. ಹಳ್ಳಿಗರು ಹೊರೆ ಸಾಗಿಸಲು, ಮಕ್ಕಳು ಆಟಕ್ಕೆ ಬಳಸುತ್ತಿದ್ದ ಸ್ಲೆಡ್ಜ್ ಗಾಡಿಗಳನ್ನು ಈ ಅತಿಥಿಗಳು ಸ್ಪರ್ಧೆಗೆ ಎಳೆದುತಂದರು. 1883ರಲ್ಲಿ ದಾವೋಸ್‌ನಿಂದ ಕ್ಲೋಸ್ಟರ್ಸ್‌ಗೆ ಅಂತಾರಾಷ್ಟ್ರೀಯ ಸ್ಲೆಡ್ಜ್ ಪಂದ್ಯವೇ ನಡೆಯಿತು.

ಸ್ಕೀ ಬಂದದ್ದು ಇದಕ್ಕೂ ಆಮೇಲೆ. ನಾರ್ವೆಯವರಿಗೆ ಅದು ಶತಮಾನಗಳಷ್ಟು ಹಳೆಯ ನಡಿಗೆ. ಫ್ರಿಟ್ಯೋಫ್ ನಾನ್ಸೆನ್ 1888ರಲ್ಲಿ ಸ್ಕೀ ಮೇಲೆಯೇ ಗ್ರೀನ್‌ಲೆಂಡ್ ದಾಟಿ ಪುಸ್ತಕ ಬರೆದ ಮೇಲೆ ಮಧ್ಯ ಯುರೋಪಿಗೂ ಅದರ ಹುಚ್ಚು ಹಿಡಿಯಿತು. ದಾವೋಸ್‌ನಲ್ಲಿ ಟೋಬಿಯಾಸ್ ಮತ್ತು ಯೋಹಾನ್ ಬ್ರಾಂಗರ್ ಎಂಬ ಅಣ್ಣತಮ್ಮಂದಿರು ಹಲಗೆ ತರಿಸಿಕೊಂಡು, ಊರವರು ನಗುತ್ತಾರೆಂದು ಕತ್ತಲಾದ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ. ಅವರ ಜೊತೆ ಸೇರಿಕೊಂಡ ಬ್ರಿಟಿಷ್ ಅತಿಥಿ ಆರ್ಥರ್ ಕಾನನ್ ಡಾಯ್ಲ್, ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ. 1893ರಲ್ಲಿ ಅವನ ಹೆಂಡತಿ ಲೂಯಿಸಾಗೆ ಕ್ಷಯವೆಂದು ಗೊತ್ತಾದಾಗ ಆಕೆಯನ್ನು ದಾವೋಸ್‌ಗೆ ಕರೆತಂದಿದ್ದ. 1894ರ ಮಾರ್ಚ್ 23ರಂದು ಮೂವರೂ ಮೈನ್‌ಫೆಲ್ಡರ್ ಫುರ್ಕಾ ಎಂಬ ಕಣಿವೆದಾರಿಯನ್ನು ಸ್ಕೀ ಮೇಲೆ ದಾಟಿ ಅರೋಸಾ ಊರಿಗೆ ಇಳಿದರು. ಅರೋಸಾದ ಹೋಟೆಲಿನ ಪುಸ್ತಕದಲ್ಲಿ ಟೋಬಿಯಾಸ್, ಡಾಯ್ಲ್‌ನ ವೃತ್ತಿಯ ಜಾಗದಲ್ಲಿ 'ಕ್ರೀಡಾಪಟು' ಎಂಬರ್ಥದ ಪದ ಬರೆದ. ವೈದ್ಯ, ಲೇಖಕ, ರೋಗಿಯ ಗಂಡ ಎಲ್ಲವೂ ಆಗಿದ್ದವನು ಆ ಊರಿನ ಪಾಲಿಗೆ ಕ್ರೀಡಾಪಟುವಾದ. ಅದೇ ಡಿಸೆಂಬರಿನ 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ ಈ ಸಾಹಸದ ಬಗ್ಗೆ ಬರೆಯುತ್ತ, ಮುಂದೊಂದು ದಿನ ನೂರಾರು ಇಂಗ್ಲಿಷರು ಸ್ಕೀ ಋತುವಿಗೆಂದೇ ಸ್ವಿಟ್ಜರ್ಲೆಂಡಿಗೆ ಬರುತ್ತಾರೆ ಎಂದು ಡಾಯ್ಲ್ ಹೇಳಿದ. ಆ ಮಾತು ನಿಜವಾಯಿತು. ಲೂಯಿಸಾ 1906ರಲ್ಲಿ ತೀರಿಕೊಂಡಳು.

ಇಲ್ಲಿಂದ ಮುಂದೆ ಬಾಲ್ಕನಿ ಮತ್ತು ಇಳಿಜಾರು ಒಂದೇ ಊರಿನಲ್ಲಿ ಎದುರುಬದುರಾಗಿ ಬದುಕಿದವು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಪ್ರಕಟಿಸಿದ ಮೇಲೆ ಇದು ಹರಡುವ ರೋಗವೆಂಬುದು ಖಚಿತವಾಗಿತ್ತು. ಆಟಕ್ಕೆ ಬಂದವರಿಗೆ ರೋಗಿಗಳ ಕೆಮ್ಮು ಬೇಡವಾಯಿತು. ರೋಗಿಗಳಿಲ್ಲದಿರುವುದೇ ಕೆಲವು ಊರುಗಳಿಗೆ ಆಕರ್ಷಣೆಯಾಯಿತು. 1912ರಲ್ಲಿ ಥಾಮಸ್ ಮಾನ್ ದಾವೋಸ್‌ನ ಸ್ಯಾನಿಟೋರಿಯಂ ಒಂದರಲ್ಲಿದ್ದ ಹೆಂಡತಿ ಕಾಟಿಯಾಳನ್ನು ನೋಡಲು ಬಂದು ಕೆಲವು ವಾರ ಇದ್ದ. 1924ರಲ್ಲಿ ಹೊರಬಂದ ಅವನ 'ಮ್ಯಾಜಿಕ್ ಮೌಂಟನ್' ಕಾದಂಬರಿಯ ನಾಯಕ ಮೂರು ವಾರಕ್ಕೆಂದು ಬಂದು ಏಳು ವರ್ಷ ಉಳಿಯುತ್ತಾನೆ. ರೋಗಿಗಳಿಗೆ ಸ್ಕೀ ನಿಷಿದ್ಧ, ಅವನು ಕದ್ದು ಹಲಗೆ ಕೊಂಡು ಹಿಮದೊಳಗೆ ಹೋಗಿ ದಾರಿ ತಪ್ಪುತ್ತಾನೆ. ಅದೇ ಕಾದಂಬರಿಯಲ್ಲಿ, ಮೇಲಿನ ಷಾಟ್ಸಾಲ್ಪ್ ಸ್ಯಾನಿಟೋರಿಯಂನಿಂದ ಚಳಿಗಾಲದಲ್ಲಿ ಹೆಣಗಳನ್ನು ಸ್ಲೆಡ್ಜ್ ಮೇಲೆ ಕೆಳಗಿಳಿಸುವ ಮಾತು ಬರುತ್ತದೆ. ಒಂದೇ ಗಾಡಿ ಆಟಕ್ಕೂ ಬೇಕು, ಹೆಣಕ್ಕೂ ಬೇಕು. ಸಾಹಿತ್ಯ ಓದುವವರು ಈ ಕಾದಂಬರಿಯನ್ನು ಕಾಲದ ಬಗೆಗಿನ ಧ್ಯಾನವೆಂದು ಓದುತ್ತಾರೆ. ರಜೆಯ ಊರೊಂದು ಹೇಗೆ ರೂಪುಗೊಂಡಿತೆಂಬುದರ ದಾಖಲೆಯಾಗಿಯೂ ಅದನ್ನು ಓದಬಹುದು.

ಆಟದ ಕಡೆಯನ್ನು ವ್ಯಾಪಾರವಾಗಿ ಕಟ್ಟಿದವನ ಹೆಸರು ಹೆನ್ರಿ ಲನ್. ಈತನ ಕತೆ ನಮ್ಮ ದಕ್ಷಿಣದಿಂದಲೇ ಶುರುವಾಗುತ್ತದೆ. ಮೆಥಡಿಸ್ಟ್ ಮಿಷನರಿಯಾಗಿ ಭಾರತಕ್ಕೆ ಬಂದ ಲನ್ ಆರೋಗ್ಯ ಕೆಟ್ಟು ಬೇಗನೆ ಇಂಗ್ಲೆಂಡಿಗೆ ಮರಳಿದ. ಅವನ ಮಗ ಆರ್ನಾಲ್ಡ್ ಹುಟ್ಟಿದ್ದು 1888ರಲ್ಲಿ, ಮದ್ರಾಸಿನಲ್ಲಿ. ಆಮೇಲೆ ಪ್ರವಾಸ ವ್ಯವಹಾರಕ್ಕಿಳಿದ ಹೆನ್ರಿ, ಇಂಗ್ಲೆಂಡಿನ ಪ್ರತಿಷ್ಠಿತ ಪಬ್ಲಿಕ್ ಶಾಲೆಗಳಲ್ಲಿ ಓದಿದವರಿಗಾಗಿ ಒಂದು ಆಲ್ಪ್ಸ್ ಕ್ರೀಡಾ ಕ್ಲಬ್ ಮಾಡಿದ. ಅದು ಹೋಟೆಲುಗಳನ್ನು ಇಡಿಯಾಗಿ ಕಾಯ್ದಿರಿಸುತ್ತಿತ್ತು. ಅಂಥವರಿಗೆ ಯಾವ ಊರು ಎಂಬುದಕ್ಕಿಂತ ಪಕ್ಕದ ಮೇಜಿನಲ್ಲಿ ಯಾರು ಕೂರುತ್ತಾರೆ ಎಂಬುದೇ ಮುಖ್ಯ. ಆಯ್ಕೆ ವೈದ್ಯನ ಕೈಯಿಂದ ವರ್ಗದ ಕೈಗೆ ಬಂದಿತ್ತು. ಮದ್ರಾಸಿನಲ್ಲಿ ಹುಟ್ಟಿದ ಮಗ ಆರ್ನಾಲ್ಡ್ 1922ರಲ್ಲಿ ಮ್ಯೂರೆನ್ ಊರಿನಲ್ಲಿ ಕಂಬಗಳ ನಡುವೆ ಹೊರಳುತ್ತ ಇಳಿಯುವ ಇಂದಿನ ಸ್ಲಾಲಮ್ ಪಂದ್ಯಕ್ಕೆ ರೂಪ ಕೊಟ್ಟ.

ಇದಕ್ಕೂ ಮೊದಲೇ, 1911ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ವಾಲೇ ಸೀಮೆಯ ಮೊಂಟಾನಾ ಎಂಬ ಊರಿನಲ್ಲಿ ಬೆಟ್ಟದ ಮೇಲಿಂದ ಕೆಳಗಿಳಿಯುವ ಓಟದ ಪಂದ್ಯವೊಂದು ನಡೆದಿತ್ತು. ಅದರ ಬಹುಮಾನದ ಹೆಸರು 'ರಾಬರ್ಟ್ಸ್ ಆಫ್ ಕಂದಹಾರ್' ಕಪ್. ಕಾನ್ಪುರದಲ್ಲಿ ಹುಟ್ಟಿ, ಎರಡನೆಯ ಆಫ್ಘನ್ ಯುದ್ಧದಲ್ಲಿ ಗೆದ್ದು ಕಂದಹಾರದ ಹೆಸರನ್ನೇ ಬಿರುದಾಗಿ ಪಡೆದ ದಂಡನಾಯಕನ ನೆನಪು ಅದು. ಸ್ಕೀ ಜಗತ್ತಿನಲ್ಲಿ 'ಕಂದಹಾರ್' ಹೆಸರು ಇಂದಿಗೂ ಬಳಕೆಯಲ್ಲಿದೆ. ಸಾಮ್ರಾಜ್ಯದ ಯುದ್ಧಭೂಮಿಯ ಹೆಸರು ಹೀಗೆ ಹಿಮದ ಇಳಿಜಾರಿಗೆ ಅಂಟಿಕೊಂಡಿತು.

ಮೊಂಟಾನಾ ಕೂಡ ದಾವೋಸ್‌ನಂತೆಯೇ ಸ್ಯಾನಿಟೋರಿಯಂಗಳ ಊರು. 1926ರ ಮಾರ್ಚ್‌ನಲ್ಲಿ ಜವಾಹರಲಾಲ್ ನೆಹರೂ ಕ್ಷಯಪೀಡಿತ ಪತ್ನಿ ಕಮಲಾ ಮತ್ತು ಎಂಟು ವರ್ಷದ ಮಗಳು ಇಂದಿರಾ ಜೊತೆ ಬೊಂಬಾಯಿಯಿಂದ ಹಡಗು ಹತ್ತಿದರು. ಮೊದಲು ಜಿನೀವಾ, ಆಮೇಲೆ ಮೊಂಟಾನಾ. ಕಮಲಾ ಸ್ಯಾನಿಟೋರಿಯಂನಲ್ಲಿದ್ದರು. ನೆಹರೂ ಆ ಬೆಟ್ಟಗಳಲ್ಲಿ ಸ್ಕೀ ಕಲಿತರು. ಲೆಕ್ಕವಿಲ್ಲದಷ್ಟು ಸಲ ಬಿದ್ದರೂ ಬಿಡದೆ ಕಲಿತು, ಅದರ ಮೋಹಕ್ಕೆ ಒಳಗಾದದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1936ರ ಫೆಬ್ರವರಿ 28ರಂದು ಕಮಲಾ ಲೋಸಾನ್ ನಗರದಲ್ಲಿ ತೀರಿಕೊಂಡರು. ಅದೇ ವರ್ಷ ಹೊರಬಂದ ಆತ್ಮಕಥೆ ಅವರಿಗೇ ಅರ್ಪಿತವಾಗಿದೆ.

ಹೋಲ್ಸ್‌ಬೋರ್, ಡಾಯ್ಲ್, ಮಾನ್, ನೆಹರೂ. ದೇಶ, ಕಸುಬು, ಕಾಲ ಎಲ್ಲವೂ ಬೇರೆ. ಆದರೂ ನಾಲ್ವರನ್ನೂ ಬೆಟ್ಟಕ್ಕೆ ಎಳೆದುತಂದದ್ದು ಕಾಯಿಲೆಯ ಹೆಂಡತಿ. ಆ ನಾಲ್ವರು ಗಂಡಸರಲ್ಲಿ ಒಬ್ಬ ರೈಲು ತಂದ, ಒಬ್ಬ ಲೇಖನ ಬರೆದ, ಒಬ್ಬ ಕಾದಂಬರಿ ಬರೆದ, ಒಬ್ಬ ಬೀಳುತ್ತ ಏಳುತ್ತ ಸ್ಕೀ ಕಲಿತ. ಇದನ್ನು ದೂರಾಗಿ ಹೇಳುತ್ತಿಲ್ಲ. ರೋಗಿಯ ಬಳಿ ತಿಂಗಳುಗಟ್ಟಲೆ ಕೂತವರಿಗೆ ಒಂದು ಗಂಟೆ ಹೊರಗೆ ಓಡುವ ಆಸೆಯಾಗುವುದು ಮನುಷ್ಯಸಹಜ. ಆದರೆ ಚಳಿಗಾಲದ ರಜೆಯ ಚರಿತ್ರೆ ಸಾಮಾನ್ಯವಾಗಿ ಇಳಿಜಾರಿನಿಂದ ಬರೆಯಲ್ಪಟ್ಟಿದೆ, ಬಾಲ್ಕನಿಯಿಂದಲ್ಲ. ಮಲಗಿದ್ದಲ್ಲಿಂದ ಆ ಬೆಟ್ಟ ಹೇಗೆ ಕಂಡಿತೆಂದು ಲೂಯಿಸಾಳನ್ನು ಕೇಳಿದವರು ಯಾರು? ಹೆಂಗಸರು ಇಳಿಜಾರಿಗೆ ಇಳಿಯಲೇ ಇಲ್ಲವೆಂದಲ್ಲ. ಮ್ಯೂರೆನ್‌ನಲ್ಲಿ 1923ರಲ್ಲಿ ಹೆಂಗಸರ ಸ್ಕೀ ಕ್ಲಬ್ ಹುಟ್ಟಿತು. 1931ರಲ್ಲಿ ಅಲ್ಲಿಯೇ ನಡೆದ ವಿಶ್ವ ಪಂದ್ಯಾವಳಿಯಲ್ಲಿ ಎಸ್ಮೆ ಮೆಕಿನನ್ ಇಳಿಓಟ, ಸ್ಲಾಲಮ್ ಎರಡರಲ್ಲೂ ಗೆದ್ದಳು. ಬಾಲ್ಕನಿಯಿಂದ ಇಳಿಜಾರಿಗೆ ಬರಲು ಹೆಂಗಸರಿಗೆ ಬೇಕಿದ್ದದ್ದು ಆರೋಗ್ಯ ಮಾತ್ರವಲ್ಲ, ಅನುಮತಿಯೂ ಹೌದು.

ಮುಂದಿನ ತಿರುವು ಯಂತ್ರ ಮತ್ತು ಔಷಧದ್ದು. ದಾವೋಸ್‌ನ ಪಾರ್ಸೆನ್ ಬೆಟ್ಟಕ್ಕೆ 1931-32ರಲ್ಲಿ ಹಗ್ಗದ ರೈಲು ಹತ್ತಿತು. 1934ರ ಡಿಸೆಂಬರಿನಲ್ಲಿ ಬೋಲ್ಗೆನ್ ಇಳಿಜಾರಿನಲ್ಲಿ ಸ್ಕೀ ಆಡುವವರನ್ನು ಮೇಲಕ್ಕೆಳೆಯುವ ಯಂತ್ರ ಬಂತು. ಅದುವರೆಗೆ ಒಂದು ಸಲ ಇಳಿಯಲು ಅರ್ಧ ದಿನ ಹತ್ತಬೇಕಿತ್ತು. ಈಗ ಹತ್ತುವ ಕಷ್ಟ ಹೋಗಿ ಇಳಿಯುವ ಸುಖ ಮಾತ್ರ ಉಳಿಯಿತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದಮೇಲೆ ಕ್ಷಯಕ್ಕೆ ಬೆಟ್ಟ ಬೇಕಿಲ್ಲವಾಯಿತು. ಸ್ಯಾನಿಟೋರಿಯಂಗಳು ಒಂದೊಂದಾಗಿ ಖಾಲಿಯಾಗಿ ಹೋಟೆಲುಗಳಾದವು. ಮಾನ್ ಕಾದಂಬರಿಯ ಷಾಟ್ಸಾಲ್ಪ್ ಕೂಡ 1950ರ ದಶಕದಲ್ಲಿ ಹೋಟೆಲಾಯಿತು. ಉದ್ದನೆಯ ಬಾಲ್ಕನಿಗಳು ಹಾಗೆಯೇ ಉಳಿದವು.

ಅಷ್ಟರಲ್ಲಿ ಊರನ್ನು ಆರಿಸುವ ಕೆಲಸವೇ ಒಂದು ಉದ್ಯೋಗವಾಗಿತ್ತು. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಆವೆರೆಲ್ ಹ್ಯಾರಿಮನ್, ಚಳಿಗಾಲದಲ್ಲಿಯೂ ರೈಲಿಗೆ ಜನ ಬೇಕೆಂದು, ಫೆಲಿಕ್ಸ್ ಷಾಫ್‌ಗಾಟ್ಷ್ ಎಂಬ ಆಸ್ಟ್ರಿಯಾದ ಕೌಂಟ್‌ನನ್ನು ಜಾಗ ಹುಡುಕಲು ಕಳಿಸಿದ. ಪಶ್ಚಿಮದ ಹಲವು ಬೆಟ್ಟಗಳನ್ನು ಸುತ್ತಿದ ಷಾಫ್‌ಗಾಟ್ಷ್ 1936ರ ಆರಂಭದಲ್ಲಿ ಐಡಹೋದ ಕೆಚಮ್ ಎಂಬ ಊರನ್ನು ಒಪ್ಪಿದ. ಗಣಿ ಮುಚ್ಚಿ, ಕುರಿ ಸಾಗಣೆಯಲ್ಲಿ ದಿನ ದೂಡುತ್ತಿದ್ದ ಊರದು. ಅದೇ ವರ್ಷ ಡಿಸೆಂಬರಿನಲ್ಲಿ ಅದರ ಪಕ್ಕ ಸನ್ ವ್ಯಾಲಿ ರೆಸಾರ್ಟ್ ತೆರೆಯಿತು. ಹಡಗಿಗೆ ಬಾಳೆಗೊನೆ ತುಂಬುವ ಯಂತ್ರದ ಮಾದರಿಯಲ್ಲಿ ಕಂಪನಿಯ ಎಂಜಿನಿಯರ್ ಒಬ್ಬ ಅಲ್ಲಿ ಕುರ್ಚಿ ತೂಗುವ ಲಿಫ್ಟ್ ಮಾಡಿದ. ಹೆಸರನ್ನು ಗಮನಿಸಿ: ಹಿಮಕ್ಕೆಂದು ಕಟ್ಟಿದ ಊರಿಗೆ ಬಿಸಿಲಿನ ಹೆಸರು. ವೈದ್ಯರ ಪಟ್ಟಿಯ ಬಿಸಿಲು ಜಾಹೀರಾತಿಗೆ ಬಂದಿತ್ತು.

ನಮ್ಮಲ್ಲಿಯೂ ಗಾಳಿಬದಲಾವಣೆಯ ನಂಬಿಕೆ ಇದ್ದೇ ಇತ್ತು. ಮೈಸೂರು ಸೀಮೆಯ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆಗೆ ನಂದಿಬೆಟ್ಟದಲ್ಲಿ ಮನೆ ಮಾಡಿದ್ದು ಅದರಿಂದಲೇ. ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಹೊತ್ತಿದೆ. ಆ ರಾಜಕುಮಾರಿಯನ್ನು ಕ್ಷಯ ಬಿಟ್ಟಿರಲಿಲ್ಲ. ಆದರೆ ನಮ್ಮ ಬೆಟ್ಟಗಳಲ್ಲಿ ಹಿಮವಿಲ್ಲ, ಹಾಗಾಗಿ ಆ ನಂಬಿಕೆ ಇಲ್ಲಿ ಆಟವಾಗಿ ತಿರುಗಲಿಲ್ಲ. ಕಾಶ್ಮೀರದಲ್ಲಿ ತಿರುಗಿತು. ಬ್ರಿಟಿಷರು ಬೇಸಿಗೆ ಕಳೆಯುತ್ತಿದ್ದ ಗುಲ್ಮಾರ್ಗ್‌ನಲ್ಲಿ 1927ರಲ್ಲಿ ಅವರ ಸೇನಾಧಿಕಾರಿಗಳು ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದರು. ಅಲ್ಲಿನ ಗೊಂಡೋಲಾದ ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ತೆರೆಯಿತು. ಇಂದು ಬೆಂಗಳೂರಿನಿಂದ ಹೋಗುವವರು ಮೊದಲು ವಿಚಾರಿಸುವುದು ಅದರ ಟಿಕೆಟನ್ನೇ.

ಈಗ ಆ ಹಳೆಯ ಪಟ್ಟಿಯ ಎರಡನೆಯ ಪ್ರಶ್ನೆ ತಲೆಕೆಳಗಾಗಿದೆ. 2024ರ ಜನವರಿಯಲ್ಲಿ, ಹಿಮದಲ್ಲಿ ಹೂತಿರಬೇಕಾದ ಗುಲ್ಮಾರ್ಗ್ ಒಣಗಿ ಕಂದಾಗಿತ್ತು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಮುಂದೂಡಬೇಕಾಯಿತು. ಔಲಿಗೆ ಹೋಗುವ ದಾರಿಯ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲವೇ ಕುಸಿದು ಮನೆಗಳು ಬಿರುಕುಬಿಟ್ಟವು, ರೋಪ್‌ವೇ ನಿಂತಿತು. ಆಲ್ಪ್ಸ್‌ನಲ್ಲಿಯೂ ತಗ್ಗಿನ ಊರುಗಳು ಯಂತ್ರದಿಂದ ಹಿಮ ಸಿಡಿಸಿ ದಿನ ದೂಡುತ್ತಿವೆ. ಅದಕ್ಕೂ ಸಾಕಷ್ಟು ಚಳಿ ಬೇಕು, ನೀರು ಬೇಕು, ದುಡ್ಡು ಬೇಕು. ದುಡ್ಡಿದ್ದವರು ಇನ್ನೂ ಎತ್ತರದ ಊರು ಹುಡುಕುತ್ತಾರೆ. ಎತ್ತರವೇ ಕಾಪಾಡುತ್ತದೆ ಎಂಬ ಸ್ಪೆಂಗ್ಲರನ ನಂಬಿಕೆ ಬೇರೊಂದು ರೂಪದಲ್ಲಿ ಹೀಗೆ ಮರಳಿ ಬಂದಿದೆ. ಈ ಬಾರಿ ಕಾಯಿಲೆ ಬಿದ್ದಿರುವುದು ಬೆಟ್ಟವೇ.

ಪ್ರವಾಸಿ ಈ ವರ್ಷ ಗುಲ್ಮಾರ್ಗ್ ಬಿಟ್ಟು ಇನ್ನೊಂದು ಕಡೆ ಹೋಗಬಹುದು. ಅಲ್ಲಿ ಸ್ಲೆಡ್ಜ್ ಎಳೆಯುವವನು, ಬೂಟು ಬಾಡಿಗೆಗೆ ಕೊಡುವವನು, ಕುದುರೆ ಇಟ್ಟುಕೊಂಡವನು, ಸ್ಕೀ ಕಲಿಸುವ ಹುಡುಗ ಎಲ್ಲಿಗೂ ಹೋಗಲಾರರು. ಅವರ ಇಡೀ ವರ್ಷದ ಲೆಕ್ಕ ಮೂರು ತಿಂಗಳ ಹಿಮದ ಮೇಲೆ ನಿಂತಿದೆ. ದಾವೋಸ್‌ನ ಕತೆ ಶುರುವಾದದ್ದು ಬೆಟ್ಟದಲ್ಲಿ ಹೊಟ್ಟೆ ತುಂಬದೆ ನಗರಗಳಿಗೆ ಹೋಗಿ ಕಾಯಿಲೆಯೊಂದಿಗೆ ಮರಳಿದ ಹುಡುಗರಿಂದ. ಹಿಮ ಹೀಗೆಯೇ ಕೈಕೊಡುತ್ತ ಹೋದರೆ ಗುಲ್ಮಾರ್ಗ್‌ನ ಹುಡುಗರೂ ಗಂಟುಮೂಟೆ ಕಟ್ಟಿ ಬೆಟ್ಟ ಇಳಿಯಬೇಕಾಗುತ್ತದೆ. ಊರು ಆರಿಸುವ ನಮ್ಮ ಪಟ್ಟಿಯಲ್ಲಿ ಎತ್ತರ, ಬಿಸಿಲು, ಬಾಲ್ಕನಿಗಳ ಜೊತೆ ಅವರ ಲೆಕ್ಕವೂ ಒಂದು ಸಾಲಾಗಿ ಸೇರಬೇಕು.